ಕೈರೋದ ಕೆಂಪು ಜರ್ಸಿ ಯಾರದು?

ಕೈರೋ ನಗರದ ನಡುವೆ ನೈಲ್ ನದಿ ಕವಲೊಡೆದು ಸುತ್ತುವರಿದ ಗೆಜೀರಾ ಎಂಬ ದ್ವೀಪವಿದೆ. ಬ್ರಿಟಿಷ್ ಸೇನೆ ಈಜಿಪ್ಟನ್ನು ಹಿಡಿದ 1882ರಲ್ಲೇ ಅಲ್ಲೊಂದು ಕ್ರೀಡಾ ಕ್ಲಬ್ ತಲೆಯೆತ್ತಿತು. ಅದು ಆಳುವವರ ಕ್ಲಬ್; ಸಾಮಾನ್ಯ ಈಜಿಪ್ಟಿನವರಿಗೆ ಅದರ ಬಾಗಿಲು ತೆರೆದಿರಲಿಲ್ಲ. ಕಾಲು ಶತಮಾನದ ನಂತರ, 1907ರ ಏಪ್ರಿಲ್ 24ರಂದು ಹುಟ್ಟಿದ ಇನ್ನೊಂದು ಕ್ಲಬ್ ಅದೇ ದ್ವೀಪದಲ್ಲಿ ಜಾಗ ಪಡೆಯಿತು. ಅದೇ ಅಲ್ ಅಹ್ಲಿ. ಇವತ್ತು ಇಡೀ ಆಫ್ರಿಕಾ ಖಂಡದಲ್ಲಿ ಚಾಂಪಿಯನ್ ಪಟ್ಟವನ್ನು ಅದರಷ್ಟು ಸಲ ಗೆದ್ದ ಫುಟ್‌ಬಾಲ್ ಕ್ಲಬ್ ಇನ್ನೊಂದಿಲ್ಲ. 2025ರ ಹೊತ್ತಿಗೆ ಈಜಿಪ್ಟಿನ ಲೀಗ್ ಪ್ರಶಸ್ತಿ 45 ಸಲ, ಆಫ್ರಿಕನ್ ಚಾಂಪಿಯನ್ಸ್ ಲೀಗ್ 12 ಸಲ ಅದರ ಪಾಲಾಗಿದೆ. ಆಫ್ರಿಕಾದ ಪಟ್ಟಿಯಲ್ಲಿ ಅದರ ನಂತರ ನಿಲ್ಲುವವರ ಬಳಿ ಇರುವುದು ಐದೇ ಕಪ್. ಗೆಲುವಿನ ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಈ ಕ್ಲಬ್ಬಿನ ವಿಷಯದಲ್ಲಿ ಒಂದು ಪ್ರಶ್ನೆ ಮಾತ್ರ ನೂರು ವರ್ಷ ಕಳೆದರೂ ಇತ್ಯರ್ಥವಾಗಿಲ್ಲ: ಇದು ಯಾರ ಸೊತ್ತು? ಚಂದಾ ಕಟ್ಟಿ ಮತ ಹಾಕುವ ಸದಸ್ಯರದೇ, ಪರವಾನಗಿ ಕೊಡುವ ಸರ್ಕಾರದ್ದೇ, ಹಣ ಸುರಿಯುವವರದೇ, ಅಥವಾ ಗ್ಯಾಲರಿಯಲ್ಲಿ ಗಂಟಲು ಹರಿಯುವಂತೆ ಕೂಗುವ ಜನರದೇ? ಅಹ್ಲಿಯ ಬಲವೆಲ್ಲ ಬಂದಿರುವುದು ಕೊನೆಯವರಿಂದ; ಕ್ಲಬ್ಬಿನ ವ್ಯವಹಾರದಲ್ಲಿ ಕವಡೆಯಷ್ಟೂ ಹಕ್ಕಿಲ್ಲದವರೂ ಅವರೇ. ಈ ಕ್ಲಬ್ಬಿನ ಇತಿಹಾಸವನ್ನು ಹಿಡಿದು ನೋಡಿದರೆ, ಜನರನ್ನು ಇಟ್ಟುಕೊಂಡು ಅವರ ದನಿಯನ್ನು ಮಾತ್ರ ದೂರವಿಡಲು ಹೊರಟವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಸೋತಿದ್ದಾರೆ.

ಕ್ಲಬ್ಬಿನ ಹುಟ್ಟು ಆಕಸ್ಮಿಕವಲ್ಲ. ಅದಕ್ಕಿಂತ ಒಂದು ವರ್ಷ ಮೊದಲು, 1906ರಲ್ಲಿ, ದಿನ್ಶವಾಯ್ ಎಂಬ ಹಳ್ಳಿಯಲ್ಲಿ ಪಾರಿವಾಳ ಬೇಟೆಗೆ ಬಂದ ಬ್ರಿಟಿಷ್ ಅಧಿಕಾರಿಗಳಿಗೂ ರೈತರಿಗೂ ಜಗಳವಾಗಿ, ನಾಲ್ವರು ಹಳ್ಳಿಗರನ್ನು ಗಲ್ಲಿಗೇರಿಸಲಾಗಿತ್ತು. ದೇಶವಿಡೀ ಕುದಿಯುತ್ತಿದ್ದ ಕಾಲ ಅದು. ವಕೀಲ ಉಮರ್ ಲುತ್ಫಿ ಆಗ ಕಾಲೇಜು ವಿದ್ಯಾರ್ಥಿಗಳ ಸಂಘವೊಂದರ ಮುಂದಾಳು. ಓದಿದ ಹುಡುಗರು ಒಂದೆಡೆ ಸೇರಿ ಮೈ ದಣಿಸಲು, ಮಾತಾಡಲು ತಮ್ಮದೇ ಜಾಗ ಬೇಕೆಂದು ಅವರಿಗೆ ಅನ್ನಿಸಿತು. ಆದರೆ ವಸಾಹತು ಆಡಳಿತದಲ್ಲಿ ಅಂಥದ್ದಕ್ಕೆ ಒಪ್ಪಿಗೆ ಸಿಗುವುದು ಸುಲಭವಿರಲಿಲ್ಲ. ಹಾಗಾಗಿ ಹಣಕಾಸು ಇಲಾಖೆಯಲ್ಲಿದ್ದ ಮಿಚೆಲ್ ಇನ್ಸ್ ಎಂಬ ಇಂಗ್ಲಿಷಿನವರನ್ನೇ ಮೊದಲ ಅಧ್ಯಕ್ಷರನ್ನಾಗಿ ಮಾಡಿಕೊಂಡರು. ಕೆಲಸ ಹಳಿಗೆ ಬಿದ್ದ ಮೇಲೆ, ಮರುವರ್ಷ, ಆ ಸ್ಥಾನ ಈಜಿಪ್ಟಿನವರಾದ ಅಜೀಜ್ ಇಜ್ಜತ್ ಪಾಷಾಗೆ ಬಂತು. ಮುಂದೆ 1919ರ ಸ್ವಾತಂತ್ರ್ಯ ದಂಗೆಯ ನಾಯಕರಾದ ಸಅದ್ ಜಗ್ಲೂಲ್ ಕೂಡ ಆರಂಭದಿಂದ ಕ್ಲಬ್ಬಿನ ಜೊತೆಗಿದ್ದವರೇ. 1925ರಲ್ಲಿ ಸರ್ವ ಸದಸ್ಯರ ಸಭೆ ಇನ್ನೊಂದು ಹೆಜ್ಜೆ ಮುಂದಿಟ್ಟು, ಸದಸ್ಯತ್ವ ಈಜಿಪ್ಟಿನವರಿಗೆ ಮಾತ್ರ ಎಂದು ತೀರ್ಮಾನಿಸಿತು. ಹೀಗೆ ಆಟಕ್ಕಿಂತ ಮೊದಲು ಇಲ್ಲಿ ಜಾಗದ ಪ್ರಶ್ನೆ ಇತ್ತು: ನಮ್ಮ ನೆಲದಲ್ಲಿ ನಾವು ಸೇರುವುದಕ್ಕೆ ಒಂದು ಅಂಗಳ. ಫುಟ್‌ಬಾಲ್ ತಂಡ ಕಟ್ಟಿದ್ದು ಅಂಗಳ ಸಿಕ್ಕಿದ ಮೇಲೆ.

ಅಂಗಳ ಸಿಕ್ಕಿತು, ಆದರೆ ಯಾರಿಗೆ ಸಿಕ್ಕಿತು ಎಂಬುದನ್ನೂ ನೋಡಬೇಕು. ಅಹ್ಲಿ ಬರಿಯ ಫುಟ್‌ಬಾಲ್ ತಂಡವಲ್ಲ. ಈಜುಕೊಳ, ಟೆನಿಸ್ ಅಂಕಣ, ಮಕ್ಕಳ ತರಬೇತಿ, ಮನೆಮಂದಿಯೆಲ್ಲ ಸಂಜೆ ಬಂದು ಕೂರುವ ಕ್ಯಾಂಟೀನು, ಹಲವು ಕಡೆ ಶಾಖೆಗಳು — ನಮ್ಮ ನಗರಗಳ ಹಳೆಯ ಜಿಮ್ಖಾನಾಗಳನ್ನು ನೆನೆದರೆ ಅದರ ಸ್ವರೂಪ ಅರ್ಥವಾದೀತು. ಸದಸ್ಯತ್ವದ ಶುಲ್ಕ ಮಧ್ಯಮ ಮತ್ತು ಮೇಲ್ವರ್ಗದ ಕುಟುಂಬಗಳಿಗೆ ಮಾತ್ರ ಎಟುಕುವಂಥದ್ದು. ಈ ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು, ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಪ್ರಶ್ನೆಗಳು, ಪ್ರಚಾರ, ಮತಪೆಟ್ಟಿಗೆ ಎಲ್ಲವೂ ಇರುವ ಚುನಾವಣೆ ಅದು. ದಶಕಗಟ್ಟಲೆ ಒಬ್ಬರೇ ಆಳಿದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಒಂದೇ ಪಂದ್ಯದಲ್ಲಿ ಏಳು ಗೋಲು ಹೊಡೆದು ಹೆಸರಾದ, ಸಿನಿಮಾದಲ್ಲೂ ನಟಿಸಿದ ಸಾಲಿಹ್ ಸಲೀಂ ಈ ದಾರಿಯಲ್ಲೇ 1980ರಲ್ಲಿ ಅಧ್ಯಕ್ಷರಾದವರು. ನಡುವೆ ನಾಲ್ಕು ವರ್ಷ ಬಿಟ್ಟರೆ 2002ರಲ್ಲಿ ತೀರಿಕೊಳ್ಳುವವರೆಗೂ ಆ ಕುರ್ಚಿಯಲ್ಲಿದ್ದರು. 1983ರಲ್ಲಿ ಆಫ್ರಿಕಾದ ಶ್ರೇಷ್ಠ ಆಟಗಾರ ಎನಿಸಿಕೊಂಡ ಮಹಮೂದ್ ಅಲ್ ಖತೀಬ್ 2017ರಲ್ಲಿ ಅಧ್ಯಕ್ಷರಾದದ್ದೂ ಮತದಿಂದಲೇ. ಆಡಿದವರೇ ಆಡಳಿತಕ್ಕೆ ಬರುವ ಈ ಪರಂಪರೆ ಕ್ಲಬ್ಬಿಗೆ ಶಿಸ್ತು ಕೊಟ್ಟಿದೆ, ನಿರಂತರತೆ ಕೊಟ್ಟಿದೆ. ಆದರೆ ಕೈರೋ ಪಕ್ಕದ ಇಂಬಾಬಾದ ಓಣಿಯಲ್ಲೋ ದಕ್ಷಿಣದ ಅಸ್ಯೂತ್‌ನಲ್ಲೋ ಕೆಂಪು ಜರ್ಸಿ ತೊಟ್ಟು ಟಿವಿ ಮುಂದೆ ಕೂರುವ ಹುಡುಗನಿಗೆ ಆ ಚುನಾವಣೆಯಲ್ಲಿ ಹೆಸರೂ ಇಲ್ಲ, ಮತವೂ ಇಲ್ಲ.

ಸದಸ್ಯರ ಕ್ಲಬ್ಬಾದರೂ ಸರ್ಕಾರದ ನೆರಳಿನಿಂದ ಅದು ಎಂದೂ ಪೂರ್ತಿ ಹೊರಗಿರಲಿಲ್ಲ. 1952ರ ಸೈನಿಕ ಕ್ರಾಂತಿಯ ನಂತರ ಗಮಾಲ್ ಅಬ್ದುಲ್ ನಾಸರ್ ಅಹ್ಲಿಯ ಗೌರವಾಧ್ಯಕ್ಷರಾದರು. ಅವರ ಬಲಗೈಯಂತಿದ್ದ ಫೀಲ್ಡ್ ಮಾರ್ಷಲ್ ಅಬ್ದುಲ್ ಹಕೀಂ ಆಮಿರ್ ದೇಶದ ಫುಟ್‌ಬಾಲ್ ಸಂಸ್ಥೆಯನ್ನೇ ಕೈಯಲ್ಲಿಟ್ಟುಕೊಂಡಿದ್ದರು; ಅವರ ಒಲವು ಅಹ್ಲಿಯ ಬದ್ಧ ಎದುರಾಳಿ ಜಮಾಲಿಕ್ ಕಡೆಗೆ. 1965ರಲ್ಲಿ ಅಹ್ಲಿಯ ಅಧ್ಯಕ್ಷ ಸ್ಥಾನಕ್ಕೆ ಬಂದವರು ಜನರಲ್ ಅಬ್ದುಲ್ ಮುಹ್ಸಿನ್ ಮುರ್ತಜಿ. 1967ರ ಜೂನ್‌ನಲ್ಲಿ ಇಸ್ರೇಲ್ ವಿರುದ್ಧದ ಯುದ್ಧದಲ್ಲಿ ಸಿನಾಯ್ ರಣರಂಗದ ದಂಡನಾಯಕರೂ ಅವರೇ! ಆರು ದಿನದಲ್ಲಿ ಸಿನಾಯ್ ಕೈತಪ್ಪಿತು, ಲೀಗ್ ಕೆಲವು ವರ್ಷ ನಿಂತೇ ಹೋಯಿತು. ಮತ್ತೆ ಆಟ ಶುರುವಾಗುವ ಹೊತ್ತಿಗೆ ಅದೇ ಜನರಲ್ ಕ್ಲಬ್ಬಿನ ಅಧ್ಯಕ್ಷರಾಗಿ ಮರಳಿದರು. ಸೇನೆ, ಸರ್ಕಾರ, ಫುಟ್‌ಬಾಲ್ ಮೂರೂ ಎಷ್ಟು ಹೆಣೆದುಕೊಂಡಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅಧಿಕಾರದಲ್ಲಿರುವವರಿಗೆ ಈ ಕ್ಲಬ್ ಏಕೆ ಬೇಕಿತ್ತು? ಅಲ್ಲಿದ್ದ ಜನಸ್ತೋಮಕ್ಕಾಗಿ. ಪಕ್ಷಗಳಿಲ್ಲದ, ಮೆರವಣಿಗೆಗೆ ಅವಕಾಶವಿಲ್ಲದ ದೇಶದಲ್ಲಿ ಲಕ್ಷ ಜನ ಒಂದೆಡೆ ಸೇರಿ ಕೂಗಬಹುದಾದ ಜಾಗ ಸ್ಟೇಡಿಯಂ ಒಂದೇ. ಆ ಕೂಗು ಗೋಲಿನ ಕಡೆಗಿರುವ ತನಕ ಆಳುವವರಿಗೆ ಅದರಿಂದ ಲಾಭವೇ.

ಕೂಗಿನ ದಿಕ್ಕು ಬದಲಾದದ್ದು 2007ರ ನಂತರ. ಆ ವರ್ಷ ಅಹ್ಲಿಯ ಯುವ ಬೆಂಬಲಿಗರು ‘ಅಲ್ಟ್ರಾಸ್ ಅಹ್ಲಾವಿ’ ಎಂಬ ಗುಂಪು ಕಟ್ಟಿದರು. ಜಮಾಲಿಕ್‌ನ ಹುಡುಗರು ‘ವೈಟ್ ನೈಟ್ಸ್’ ಎಂಬ ಗುಂಪು ಮಾಡಿಕೊಂಡರು. ಇಟಲಿಯಲ್ಲಿ, ಉತ್ತರ ಆಫ್ರಿಕಾದ ಇತರ ದೇಶಗಳಲ್ಲಿ ಮೊದಲೇ ಬೇರೂರಿದ್ದ ಪದ್ಧತಿ ಇದು: ಪಂದ್ಯದುದ್ದಕ್ಕೂ ಕೂರದೆ ಹಾಡುವುದು, ಇಡೀ ಗ್ಯಾಲರಿಯನ್ನು ಮುಚ್ಚುವಂಥ ಬ್ಯಾನರ್‌ಗಳನ್ನು ಕೈಯಾರೆ ಬರೆಯುವುದು, ಬಣ್ಣದ ಬೆಂಕಿ ಹಚ್ಚುವುದು, ಕ್ಲಬ್ಬಿನಿಂದ ಒಂದು ಪೈಸೆಯನ್ನೂ ಪಡೆಯದಿರುವುದು. ಪೊಲೀಸರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. ಗೇಟಿನಲ್ಲಿ ತಪಾಸಣೆ, ಹೊಡೆತ, ಬಂಧನ. ಪ್ರತಿಯಾಗಿ ಕಲ್ಲು, ಪಟಾಕಿ, ಪೊಲೀಸರನ್ನು ಅಣಕಿಸುವ ಹಾಡು. ನಾಲ್ಕು ವರ್ಷ ಹೀಗೆ ಲಾಠಿಯ ಎದುರು ನಿಂತು ಪಳಗಿದ ಹುಡುಗರು 2011ರ ಜನವರಿಯಲ್ಲಿ, ಅಧ್ಯಕ್ಷ ಮುಬಾರಕ್ ವಿರುದ್ಧ ಜನ ಸೇರಿದ್ದ ಕೈರೋದ ತಹ್ರೀರ್ ಚೌಕಕ್ಕೆ ಬಂದಾಗ, ಅಶ್ರುವಾಯುವಿಗೆ ಹೇಗೆ ಹಿಮ್ಮೆಟ್ಟಬೇಕು, ಚದುರಿದವರನ್ನು ಮತ್ತೆ ಹೇಗೆ ಕೂಡಿಸಬೇಕು ಎಂಬುದು ಅವರಿಗೆ ಕರಗತವಾಗಿತ್ತು. ಫೆಬ್ರವರಿ 2ರಂದು ಮುಬಾರಕ್ ಬೆಂಬಲಿಗರು ಒಂಟೆ, ಕುದುರೆ ಏರಿ ಚೌಕದ ಮೇಲೆ ನುಗ್ಗಿದಾಗ ತಡೆದು ನಿಂತವರಲ್ಲಿ ಎರಡೂ ಕ್ಲಬ್ಬುಗಳ ಹುಡುಗರಿದ್ದರು. ಈ ಪಾತ್ರವನ್ನು ಉಬ್ಬಿಸಿ ಹೇಳುವವರಿದ್ದಾರೆ. ಕ್ರಾಂತಿ ಮಾಡಿದ್ದೇ ಫುಟ್‌ಬಾಲ್ ಅಭಿಮಾನಿಗಳು ಎಂಬ ಮಾತು ಉತ್ಪ್ರೇಕ್ಷೆ. ಕಾರ್ಮಿಕರು, ವಿದ್ಯಾರ್ಥಿಗಳು, ಸಾಮಾನ್ಯ ನಾಗರಿಕರು ಲಕ್ಷಗಟ್ಟಲೆ ಬಂದಿದ್ದರು. ಅಲ್ಟ್ರಾಸ್ ಗುಂಪುಗಳೇ, ನಮ್ಮವರು ಬರುವುದಾದರೆ ವ್ಯಕ್ತಿಗಳಾಗಿ ಬರುತ್ತಾರೆ, ಸಂಘಟನೆಯಾಗಿ ಅಲ್ಲ ಎಂದಿದ್ದವು. ಆದರೂ ಒಂದು ಸಂಗತಿ ಉಳಿಯುತ್ತದೆ: ಗ್ಯಾಲರಿಯಲ್ಲಿ ಒಟ್ಟಿಗಿರಲು ಕಲಿತವರು ಬೀದಿಯಲ್ಲೂ ಒಟ್ಟಿಗಿದ್ದರು.

ಚೌಕದ ಮೇಲಿನ ಆ ದಾಳಿಗೆ ವರ್ಷ ತುಂಬಲು ಒಂದು ದಿನ ಬಾಕಿಯಿರುವಾಗ, 2012ರ ಫೆಬ್ರವರಿ 1ರಂದು, ಪೋರ್ಟ್ ಸಯೀದ್ ನಗರದಲ್ಲಿ ಅಹ್ಲಿ ಮತ್ತು ಸ್ಥಳೀಯ ಅಲ್ ಮಸ್ರಿ ತಂಡಗಳ ಪಂದ್ಯ ನಡೆಯಿತು. ಮಸ್ರಿ 3-1ರಿಂದ ಗೆದ್ದಿತ್ತು. ಗೆದ್ದ ಕಡೆಯವರು ಸಂಭ್ರಮಿಸಬೇಕಾದ ಹೊತ್ತಿನಲ್ಲಿ ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಅಹ್ಲಿ ಬೆಂಬಲಿಗರಿದ್ದ ಗ್ಯಾಲರಿಯತ್ತ ಓಡಿದರು. ಪೊಲೀಸರು ಸಾಲಾಗಿ ನಿಂತಿದ್ದರು, ತಡೆಯಲಿಲ್ಲ. ಸ್ಟೇಡಿಯಂ ದೀಪಗಳು ಆರಿದವು. ಹೊರಹೋಗುವ ಕಬ್ಬಿಣದ ಗೇಟು ಮುಚ್ಚಿತ್ತು; ಹಿಂದಿನಿಂದ ಚಾಕು, ದೊಣ್ಣೆ ಹಿಡಿದವರು, ಮುಂದೆ ತೆರೆಯದ ಬಾಗಿಲು, ನಡುವೆ ಇಕ್ಕಟ್ಟಾದ ದಾರಿ. ಇರಿತಕ್ಕೆ ಸಿಕ್ಕವರಿಗಿಂತ ಹೆಚ್ಚು ಜನ ಆ ಇಕ್ಕಟ್ಟಿನಲ್ಲಿ ಉಸಿರುಗಟ್ಟಿ ಸತ್ತರು. ಗಾಯಗೊಂಡವರನ್ನು ಆಟಗಾರರ ಕೋಣೆಗೆ ಹೊತ್ತು ತಂದರು. ಅಹ್ಲಿಯ ತಾರೆ ಮುಹಮ್ಮದ್ ಅಬು ತ್ರೀಕಾ ಅವರ ಕಣ್ಣೆದುರೇ ಅಲ್ಲಿ ಹುಡುಗರು ಪ್ರಾಣ ಬಿಟ್ಟರು. ಒಟ್ಟು 74 ಸಾವು. ತಹ್ರೀರ್‌ನಲ್ಲಿ ನಿಂತದ್ದಕ್ಕೆ ತಮ್ಮ ಮೇಲೆ ತೀರಿಸಿಕೊಂಡ ಸೇಡು ಇದು ಎಂದು ಅಲ್ಟ್ರಾಸ್ ಹೇಳಿದರು. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ 2017ರಲ್ಲಿ ಅತ್ಯುನ್ನತ ನ್ಯಾಯಾಲಯ 10 ಜನರ ಮರಣದಂಡನೆಯನ್ನು ಎತ್ತಿಹಿಡಿಯಿತು. ಸೇಡಿನ ಸಂಚು ಇತ್ತೋ, ಬರಿಯ ಹೊಣೆಗೇಡಿತನವೋ ಎಂಬ ವಾದ ಇನ್ನೂ ನಿಂತಿಲ್ಲ. ಎರಡರಲ್ಲಿ ಯಾವುದೇ ಆಗಲಿ, ಜನರನ್ನು ಕಾಯಬೇಕಾದವರು ಕೈಕಟ್ಟಿ ನಿಂತರು ಎಂಬುದರಲ್ಲಿ ಅನುಮಾನವಿಲ್ಲ.

ಆ ರಾತ್ರಿಯ ನಂತರ ಲೀಗ್ ರದ್ದಾಯಿತು, ಗ್ಯಾಲರಿಗಳಿಗೆ ಬೀಗ ಬಿತ್ತು. ಮರುವರ್ಷದ ಲೀಗ್ ಕೂಡ ಅರ್ಧಕ್ಕೇ ನಿಂತಿತು. 2015ರ ಫೆಬ್ರವರಿಯಲ್ಲಿ ಸ್ವಲ್ಪ ಬಾಗಿಲು ತೆರೆದು ನೋಡಿದಾಗ ಕೈರೋದ ಏರ್ ಡಿಫೆನ್ಸ್ ಸ್ಟೇಡಿಯಂನ ಹೊರಗೆ ಕಿರಿದಾದ ಕಬ್ಬಿಣದ ಓಣಿಯಲ್ಲಿ, ಅಶ್ರುವಾಯುವಿನ ನಡುವೆ, ಜಮಾಲಿಕ್‌ನ 20 ಅಭಿಮಾನಿಗಳು ಸತ್ತರು. ಮತ್ತೆ ಬಾಗಿಲು ಮುಚ್ಚಿತು. ಅದೇ ವರ್ಷ ಕೈರೋದ ನ್ಯಾಯಾಲಯವೊಂದು ಅಲ್ಟ್ರಾಸ್ ಗುಂಪುಗಳನ್ನೇ ನಿಷೇಧಿಸಿತು. 2018ರಲ್ಲಿ ಅಲ್ಟ್ರಾಸ್ ಅಹ್ಲಾವಿ ತನ್ನ ಬ್ಯಾನರನ್ನು ತಾನೇ ಸುಟ್ಟು, ಗುಂಪು ವಿಸರ್ಜನೆಯಾಯಿತೆಂದು ಸಾರಿತು. ಈ ಹೊತ್ತಿನಲ್ಲಿ ಕ್ಲಬ್ ಯಾರ ಪಕ್ಷ ವಹಿಸಿತು? 2012ರ ಸೆಪ್ಟೆಂಬರ್‌ನಲ್ಲಿ, ಸತ್ತವರಿಗೆ ನ್ಯಾಯ ಸಿಗುವ ಮುನ್ನ ಆಡುವುದಿಲ್ಲವೆಂದು ಸೂಪರ್ ಕಪ್ ಪಂದ್ಯದಿಂದ ಹೊರಗುಳಿದ ಅಬು ತ್ರೀಕಾಗೆ ಕ್ಲಬ್ ದಂಡ ಹಾಕಿತು, ಅಮಾನತು ಮಾಡಿತು. 2013ರ ಆಫ್ರಿಕನ್ ಫೈನಲ್‌ನಲ್ಲಿ ಗೋಲು ಹೊಡೆದು, ರಾಬಿಆ ಚೌಕದಲ್ಲಿ ಭದ್ರತಾ ಪಡೆಗಳ ಕಾರ್ಯಾಚರಣೆಗೆ ಬಲಿಯಾದವರ ನೆನಪಿಗೆ ನಾಲ್ಕು ಬೆರಳೆತ್ತಿದ ಅಹ್ಮದ್ ಅಬ್ದುಲ್ ಜಾಹಿರ್‌ನನ್ನು ಕ್ಲಬ್ ಶಿಕ್ಷಿಸಿ ಮಾರಾಟಕ್ಕಿಟ್ಟಿತು. ರಾಜಕೀಯ ಬೇಡ ಎಂಬುದು ಅಧಿಕೃತ ನಿಲುವು. ಅಧ್ಯಕ್ಷ ಸ್ಥಾನದಲ್ಲಿ ಜನರಲ್ ಒಬ್ಬರನ್ನು ಕೂರಿಸಿಕೊಂಡಾಗ ನೆನಪಾಗದ ಆ ನಿಲುವು, ಆಟಗಾರನೊಬ್ಬ ಬೆರಳೆತ್ತಿದಾಗ ಮಾತ್ರ ನೆನಪಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಜನರಿಲ್ಲದೆಯೂ ಅಹ್ಲಿ ಗೆದ್ದಿತಲ್ಲ? 2012ರ ನವೆಂಬರ್‌ನಲ್ಲಿ, ದೇಶದಲ್ಲಿ ಲೀಗೇ ಇಲ್ಲದ ಕಾಲದಲ್ಲಿ, ಟ್ಯುನೀಷಿಯಾದ ರಾದೆಸ್‌ನಲ್ಲಿ ಎಸ್ಪೆರಾನ್ಸ್ ತಂಡವನ್ನು 2-1ರಿಂದ ಸೋಲಿಸಿ ಆಫ್ರಿಕಾದ ಕಪ್ ಎತ್ತಿತು. 2020ರ ನವೆಂಬರ್ 27ರಂದು ಕೊರೊನಾ ಕಾಲದ ಖಾಲಿ ಸ್ಟೇಡಿಯಂನಲ್ಲಿ ಅಹ್ಲಿ, ಜಮಾಲಿಕ್ ಎರಡೂ ಮೊದಲ ಬಾರಿ ಆಫ್ರಿಕನ್ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಎದುರಾದವು. ಐದನೇ ನಿಮಿಷದಲ್ಲಿ ಅಮ್ರ್ ಸುಲಯ್ಯಾ ತಲೆಯಿಂದ ಗೋಲು ಹೊಡೆದರು. ಜಮಾಲಿಕ್‌ನ ಶಿಕಾಬಾಲಾ ಒಬ್ಬರೇ ಚೆಂಡನ್ನು ಒಯ್ದು ಸಮ ಮಾಡಿದರು. ಇನ್ನೇನು ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಎನ್ನುವಾಗ, 86ನೇ ನಿಮಿಷದಲ್ಲಿ, ಮುಹಮ್ಮದ್ ಮಗ್ದಿ ಅಫ್ಶಾ ಪೆನಾಲ್ಟಿ ಬಾಕ್ಸಿನ ಹೊರಗಿನಿಂದಲೇ ಬಾರಿಸಿದ ಚೆಂಡು ಬಲೆಯ ಮೂಲೆ ಸೇರಿತು. ಕ್ಲಬ್ಬಿನ ಚರಿತ್ರೆಯ ಅತಿ ದೊಡ್ಡ ಗೋಲುಗಳಲ್ಲಿ ಒಂದಕ್ಕೆ ಕುರ್ಚಿಗಳಷ್ಟೇ ಸಾಕ್ಷಿ. ಹಾಗಾದರೆ ಗ್ಯಾಲರಿ ಏಕೆ ಬೇಕು? ಉತ್ತರ ಇಷ್ಟೇ: ಕಪ್ ಗೆಲ್ಲಲು ಗ್ಯಾಲರಿ ಬೇಕಿಲ್ಲದಿರಬಹುದು, ಕಪ್ ಕೊಳ್ಳುವಷ್ಟು ಹಣ ಬರುವುದು ಮಾತ್ರ ಅದರಿಂದಲೇ. ಪ್ರಾಯೋಜಕರು ಜರ್ಸಿಯ ಎದೆಗೆ, ಚಾನೆಲ್‌ಗಳು ಪ್ರಸಾರದ ಹಕ್ಕಿಗೆ ಬೆಲೆ ಕಟ್ಟುವುದು ಆ ಕೋಟ್ಯಂತರ ಕಣ್ಣುಗಳನ್ನು ಎಣಿಸಿಯೇ. ಒಳ್ಳೆಯ ಆಟಗಾರ ಅಹ್ಲಿಗೆ ಬರುವುದೂ ಆ ಹಣದಿಂದ. ಖಾಲಿ ಮೈದಾನದಲ್ಲಿ ಗೆದ್ದದ್ದು ಅದುವರೆಗೆ ಜನ ತುಂಬಿಟ್ಟ ಬಂಡವಾಳದ ಬಲದ ಮೇಲೆ.

ಜನರಿಲ್ಲದ ಹಣ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ಅದೇ ನಗರದಲ್ಲಿ ಉದಾಹರಣೆಯಿದೆ. 2017ರ ಕೊನೆಯಲ್ಲಿ ಸೌದಿ ಅರೇಬಿಯದ ಪ್ರಭಾವಿ ಅಧಿಕಾರಿ ತುರ್ಕಿ ಅಲ್ ಶೇಖ್ ಅಹ್ಲಿಯ ಗೌರವಾಧ್ಯಕ್ಷರಾದರು. ಹೊಸ ಸ್ಟೇಡಿಯಂ, ಹೊಸ ಆಟಗಾರರ ಮಾತುಗಳು ಹರಿದಾಡಿದವು. ಕೆಲವೇ ತಿಂಗಳಲ್ಲಿ ಆಡಳಿತ ಮಂಡಳಿಯೊಂದಿಗೆ ಜಗಳವಾಗಿ ಅವರು ಹೊರನಡೆದರು. 2018ರಲ್ಲಿ ಅಸ್ಯೂತಿ ಎಂಬ ಸಣ್ಣ ಕ್ಲಬ್ಬನ್ನು ಕೊಂಡು, ‘ಪಿರಮಿಡ್ಸ್’ ಎಂದು ಹೆಸರಿಟ್ಟು, ಕೈರೋಗೆ ತಂದು, ಬ್ರೆಜಿಲ್‌ನಿಂದ ಆಟಗಾರರನ್ನು ಕರೆಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಅಹ್ಲಿ ಪಂದ್ಯವೊಂದರಲ್ಲಿ ಗ್ಯಾಲರಿ ಅವರ ವಿರುದ್ಧ ಘೋಷಣೆ ಕೂಗಿತು. ಬೇಸತ್ತ ಅವರು ಈಜಿಪ್ಟಿನಿಂದ ಹಣ ಹಿಂತೆಗೆಯುವುದಾಗಿ ಸಾರಿದರು, ಪಿರಮಿಡ್ಸ್ ಎಮಿರೇಟ್ಸ್‌ನ ಮಾಲೀಕರ ಕೈಗೆ ಹೋಯಿತು. ಆ ತಂಡವನ್ನು ಹಗುರವಾಗಿ ಕಾಣುವಂತಿಲ್ಲ: 2025ರಲ್ಲಿ ಅದು ಆಫ್ರಿಕಾದ ಚಾಂಪಿಯನ್ ಆಯಿತು. ಹಣ ಕಪ್ ತರುತ್ತದೆ ಎಂಬುದು ಅಲ್ಲಿಗೆ ಸಾಬೀತು. ಆದರೆ ಆ ಗೆಲುವಿಗೆ ಕೈರೋದ ಬೀದಿಗಳು ಅಹ್ಲಿಗೆ ಕುಣಿದಂತೆ ಕುಣಿಯಲಿಲ್ಲ. ಅಹ್ಲಿಯ ಪಕ್ಕದಲ್ಲಿ ಪಿರಮಿಡ್ಸನ್ನು ನಿಲ್ಲಿಸಿ ನೋಡಿದರೆ, ಕೊಳ್ಳಲು ಸಿಗುವುದು ಯಾವುದು, ಸಿಗದ್ದು ಯಾವುದು ಎಂದು ಯಾರಿಗಾದರೂ ತಿಳಿಯುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಗ್ಯಾಲರಿಯ ಜನರನ್ನು ಇಷ್ಟು ಎತ್ತಿ ಹಿಡಿಯಬೇಡಿ, ಅವರೂ ಸಂತರಲ್ಲ ಎಂಬುದು ಅದು. ನಿಜ. 2013ರ ಮಾರ್ಚ್‌ನಲ್ಲಿ ಪೋರ್ಟ್ ಸಯೀದ್ ಪ್ರಕರಣದ ತೀರ್ಪು ಬಂದ ದಿನ ಕೈರೋದಲ್ಲಿ ಫುಟ್‌ಬಾಲ್ ಸಂಸ್ಥೆಯ ಕಚೇರಿಗೆ ಬೆಂಕಿ ಬಿತ್ತು, ಆರೋಪ ಅಹ್ಲಿಯ ಅಲ್ಟ್ರಾಸ್ ಮೇಲೆ ಬಂತು. ಎದುರಾಳಿಗಳ ಮೇಲೆ ಹಲ್ಲೆ, ಕೀಳು ಬೈಗುಳ, ಬೆಂಕಿಯಾಟ ಇವೆಲ್ಲ ಅವರ ಚರಿತ್ರೆಯಲ್ಲಿವೆ. ಇಂಥವರ ಕೈಗೆ ಕ್ಲಬ್ ಕೊಟ್ಟರೆ ನಾಳೆ ಅದು ಉಳಿಯುತ್ತದೆಯೇ ಎಂದು ಹಳೆಯ ಸದಸ್ಯರು ಕೇಳುವುದರಲ್ಲಿ ತಪ್ಪಿಲ್ಲ. ಸದಸ್ಯರ ಮಂಡಳಿ ಇದ್ದದ್ದರಿಂದಲೇ ಹಣವಂತರಿಗೆ ಅಹ್ಲಿಯನ್ನು ಸಂತೆಯಲ್ಲಿ ಕೊಳ್ಳಲು ಆಗಲಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ಈ ವಾದ ಒಂದನ್ನು ಮರೆಯುತ್ತದೆ: ಮಾತಾಡಲು ಬಾಗಿಲಿಲ್ಲದವರು ಗೋಡೆಗೆ ಗುದ್ದುತ್ತಾರೆ. ಜರ್ಮನಿಯಲ್ಲಿ ಕ್ಲಬ್ಬಿನ ಬಹುಪಾಲು ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಬಯರ್ನ್ ಮ್ಯೂನಿಕ್ ಕ್ಲಬ್ಬಿಗೆ ಮೂರು ಲಕ್ಷಕ್ಕೂ ಮೀರಿ ಸದಸ್ಯರಿದ್ದಾರೆ, ವಾರ್ಷಿಕ ಚಂದಾ ಸಾಮಾನ್ಯ ದುಡಿಮೆಗಾರ ಕೊಡಬಹುದಾದಷ್ಟು. ಅಲ್ಲೂ ಗಲಾಟೆ ಮಾಡುವ ಅಭಿಮಾನಿಗಳಿದ್ದಾರೆ, ಆದರೆ ಅವರ ಸಿಟ್ಟಿಗೆ ವಾರ್ಷಿಕ ಸಭೆಯಲ್ಲಿ ಒಂದು ಮೈಕ್ ಸಿಗುತ್ತದೆ. ಕ್ಲಬ್ ಹಾಳಾಗಿಲ್ಲ, ಕಪ್ ಕಡಿಮೆಯಾಗಿಲ್ಲ. ಇದು ಹೊರಗಿನಿಂದ ತಂದು ಹೇರಬೇಕಾದ ವಿಚಾರವೂ ಅಲ್ಲ. ಅಹ್ಲಿಯ ಕನಸು ಕಂಡ ಉಮರ್ ಲುತ್ಫಿ ಈಜಿಪ್ಟಿನಲ್ಲಿ ಸಹಕಾರ ಚಳವಳಿಗೆ ಬುನಾದಿ ಹಾಕಿದವರೂ ಹೌದು. ಸಣ್ಣ ರೈತ, ಸಣ್ಣ ಪಾಲು, ಎಲ್ಲರಿಗೂ ದನಿ ಎಂಬ ತತ್ವ ಅವರು ಸಾರಿದ್ದು.

ಈಗ ಈಜಿಪ್ಟಿನ ಸ್ಟೇಡಿಯಂಗಳಿಗೆ ಜನ ಮತ್ತೆ ಬರುತ್ತಿದ್ದಾರೆ. ಹೆಸರು ನೋಂದಾಯಿಸಿ ಫ್ಯಾನ್ ಐಡಿ ಪಡೆದವರಿಗೆ ಮಾತ್ರ ಆನ್‌ಲೈನ್ ಟಿಕೆಟ್ ಎಂಬ ವ್ಯವಸ್ಥೆ ಬಂದಿದೆ. ಯಾರು ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಎಂಬುದು ಆಡಳಿತಕ್ಕೆ ಗೊತ್ತಿರುತ್ತದೆ. ಭದ್ರತೆಯ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇದೆ; 74 ಹೆಣ ನೋಡಿದ ದೇಶದಲ್ಲಿ ಎಚ್ಚರಿಕೆ ತಪ್ಪಲ್ಲ. ಆದರೆ ಪೋರ್ಟ್ ಸಯೀದ್‌ನಲ್ಲಿ ಜನ ಸತ್ತದ್ದು ಅವರ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದಲ್ಲ, ಗೇಟು ತೆರೆಯದಿದ್ದರಿಂದ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ ವಿಶ್ವಕಪ್‌ನ ಉದ್ಘಾಟನಾ ಪಂದ್ಯದಲ್ಲಿ ಮೆಸ್ಸಿಯ ಇಂಟರ್ ಮಿಯಾಮಿ ಎದುರು 0-0 ಡ್ರಾ ಮಾಡಿಕೊಂಡ ಅಹ್ಲಿ, ಮುಂದೆ ಪೋರ್ಟೊ ಎದುರು 4-4ರ ರೋಚಕ ಆಟ ಆಡಿಯೂ ಗುಂಪು ಹಂತದಲ್ಲೇ ಹೊರಬಿತ್ತು. ಕ್ಲಬ್ಬಿಗೆ ಇನ್ನು ಮುಂದೆ ಬೇಕಾದ ಹಣ ಇನ್ನೂ ದೊಡ್ಡದು, ಅದನ್ನು ತರಲು ಬರುವ ಕೈಗಳೂ ಹೆಚ್ಚುತ್ತವೆ. ಆಗ ಆಡಳಿತ ಮಂಡಳಿಗೆ ಆಸರೆಯಾಗಿ ನಿಲ್ಲಬಲ್ಲವರು ಕೆಲವು ಸಾವಿರ ಕುಟುಂಬಗಳಷ್ಟೇ ಅಲ್ಲ, ದೇಶದ ತುಂಬ ಹರಡಿರುವ ಬೆಂಬಲಿಗರು. ಕಡಿಮೆ ಶುಲ್ಕದ, ಈಜುಕೊಳದ ಹಕ್ಕಿಲ್ಲದಿದ್ದರೂ ಮತದ ಹಕ್ಕಿರುವ ಸದಸ್ಯತ್ವವೊಂದನ್ನು ಅವರಿಗಾಗಿ ತೆರೆಯುವುದು, ಮಂಡಳಿಯಲ್ಲಿ ಅವರ ಪ್ರತಿನಿಧಿಗೆ ಒಂದು ಸ್ಥಾನ ಕೊಡುವುದು ಕಷ್ಟದ ಕೆಲಸವಲ್ಲ. ಅದನ್ನು ಮಾಡುವ ತನಕ, ಎಷ್ಟೇ ಕಪ್ ಗೆದ್ದರೂ, ಜನರ ಕ್ಲಬ್ ಎಂದು ಕರೆದುಕೊಳ್ಳುವ ಅರ್ಹತೆ ಅಹ್ಲಿಗೆ ಅರ್ಧವಷ್ಟೇ ಇದೆ.